ನಮ್ಮ ಗೋಲಿನ ಹಿಂದೆ ನಿಲ್ಲುವವರು

ಕಾಗದನಗರ, ಭದ್ರಾವತಿ
17 ಆಗಸ್ಟ್ 2025, ಭಾನುವಾರ

ಪುಟ್ಟೀ,

ಈ ಮಳೆಗೆ ಅಮ್ಮನ ಮಂಡಿ ನೋವು ಸ್ವಲ್ಪ ಜಾಸ್ತಿಯಾಗಿದೆ, ಗಾಬರಿಪಡುವಂಥದ್ದೇನೂ ಇಲ್ಲ. ಗೌರಿ ಹಬ್ಬಕ್ಕೆ ನೀನು ಬರುತ್ತೀಯ ಅಂತ ಆಗಲೇ ಚಕ್ಕುಲಿ ಹಿಟ್ಟು ಬೀಸಿಸಿ ಇಟ್ಟಿದ್ದಾಳೆ.

ಮೊನ್ನೆ ರಾತ್ರಿ ಫೋನಿನಲ್ಲಿ ಒಂದು ಮಾತು ಕೇಳಿದೆಯಲ್ಲ, “ಅಪ್ಪಾ, ಇಷ್ಟು ವರ್ಷ ಗಂಟಲು ಹರಿದುಕೊಂಡು ಕೂಗಿದ್ದಕ್ಕೆ ನಂಗೇನು ಸಿಕ್ತು? ಈಗ ನೋಡಿದ್ರೆ ಆಟಾನೇ ಇಲ್ಲ” ಅಂತ. ಅದು ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವಂಥ ಮಾತಲ್ಲ. ನಿನ್ನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಜಾಸ್ತಿ ಇತ್ತು. ಸಿಟ್ಟಾದರೆ ತಾನಾಗಿ ಇಳಿಯುತ್ತೆ ಅಂತ ಸುಮ್ಮನಿರುತ್ತಿದ್ದೆ. ಸುಸ್ತಾದವರನ್ನು ಹಾಗೆ ಬಿಡಬಾರದು ಅನ್ನಿಸಿ ಬರೆಯಲು ಕೂತಿದ್ದೇನೆ.

ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಷನ್‌ಗೂ ಮಧ್ಯೆ ಇದ್ದ ಹದಿನೈದು ವರ್ಷದ ಕರಾರು ಈ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಮುಂದೇನು ಅನ್ನುವುದು ತೀರ್ಮಾನವಾಗದೆ ಜುಲೈನಲ್ಲೇ ಲೀಗನ್ನು ತಡೆಹಿಡಿದರು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿಯವರು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇವೆ ಅಂತ ಪ್ರಕಟಣೆ ಕೊಟ್ಟರು. ಅದರ ಕೊನೆಯ ಸಾಲನ್ನು ನಾನು ಎರಡು ಸಲ ಓದಿಕೊಂಡೆ. ಚಿಕ್ಕ ಹುಡುಗ ಹುಡುಗಿಯರ ತಂಡಗಳು, ತರಬೇತಿ ಶಾಲೆಗಳು ಎಂದಿನಂತೆ ನಡೆಯುತ್ತವೆ ಅಂತ ಇತ್ತು. ಆ ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

‘ಅನಿರ್ದಿಷ್ಟ ಕಾಲ’ ಅಂದರೆ ಏನು ಅಂತ ನಮ್ಮೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಶುರುವಾದ ಎಂಪಿಎಂ ಕಾಗದದ ಗಿರಣಿ, 1981ರಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಕೊಟ್ಟ ಗಿರಣಿ, 2015ರಲ್ಲಿ ನಿಂತಿತು. ಬಿದಿರು, ನೀಲಗಿರಿ ತುಂಬಿದ ಲಾರಿಗಳ ಸಾಲು ನಿಂತಿತು. ನೀನು ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಳ್ಳುತ್ತಿದ್ದ ಆ ಗಂಧಕದ ವಾಸನೆಯೂ ಹೋಯಿತು. ಮೊದಲ ವಾರ ನಿನ್ನಮ್ಮ ಕಿಟಕಿ ತೆಗೆದು, “ಗಾಳಿ ಚೆನ್ನಾಗಿದೆ ಅಲ್ವಾ” ಅಂದವಳು ಅಲ್ಲೇ ಕೂತು ಅತ್ತಳು. ಆಚೆ ನ್ಯೂಟೌನ್‌ನಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ತೀರ್ಮಾನ ಹೊರಬಿತ್ತು, ಜನ ಬೀದಿಗಿಳಿದರು. ಅದೆಲ್ಲ ನಿನಗೆ ಗೊತ್ತಿರುವುದೇ.

ನಿನಗೆ ಅಷ್ಟಾಗಿ ಗೊತ್ತಿಲ್ಲದ ಒಬ್ಬರ ವಿಷಯ ಹೇಳುತ್ತೇನೆ. ಪಲ್ಪ್ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು, ನಾವೆಲ್ಲ ‘ಮೇಸ್ತ್ರಿ’ ಅಂತಲೇ ಕರೆಯುತ್ತಿದ್ದೆವು. ಮನೆಮಾತು ತಮಿಳು, ಮೈದಾನದ ಮಾತು ಕನ್ನಡ. ಆಗ ನಮ್ಮ ಕಾಲೊನಿಯ ಹುಡುಗರದ್ದೊಂದು ಫುಟ್‌ಬಾಲ್ ತಂಡ ಇತ್ತು. ಎ ಶಿಫ್ಟ್ ಮುಗಿಸಿ ಬಂದವರು, ರಾತ್ರಿ ಪಾಳಿಗೆ ಹೋಗಬೇಕಾದವರು, ಹೈಸ್ಕೂಲ್ ಹುಡುಗರು ಎಲ್ಲ ಸೇರಿ ಹನ್ನೊಂದು ಜನ. ನ್ಯೂಟೌನ್ ಹುಡುಗರ ಎದುರು, ಶಿವಮೊಗ್ಗದಿಂದ ಬಂದವರ ಎದುರು ಆಡುತ್ತಿದ್ದರು. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ.

ಮೇಸ್ತ್ರಿ ಒಂದು ದಿನವೂ ಬಾಲಿಗೆ ಕಾಲು ತಾಗಿಸಿದವರಲ್ಲ. ಪಂದ್ಯ ಇದ್ದ ದಿನ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರುತ್ತಿದ್ದರು. ಕೈಯಲ್ಲಿ ತೂತು ಹೊಡೆದ ಡಾಲ್ಡಾ ಡಬ್ಬಿ, ಒಂದು ಚೀಲ ಸುಣ್ಣದ ಪುಡಿ, ಎರಡು ಗೂಟ, ಒಂದು ಉಂಡೆ ಹುರಿ. ಗೂಟಗಳ ಮಧ್ಯೆ ಹುರಿ ಬಿಗಿದು, ಅದರ ಗುಂಟ ಬಗ್ಗಿಕೊಂಡು ಡಬ್ಬಿ ಅಲ್ಲಾಡಿಸುತ್ತಾ ಹೋಗುತ್ತಿದ್ದರು. ಗೆರೆ ಬಿಳಿಯಾಗಿ ನೆಟ್ಟಗೆ ಬೀಳುತ್ತಿತ್ತು. ನಡುವಿನ ವೃತ್ತಕ್ಕೆ ಒಂದು ಗೂಟ ಹೊಡೆದು, ಹತ್ತು ಗಜದ ಹುರಿ ಹಿಡಿದು ಸುತ್ತು ಬರುತ್ತಿದ್ದರು. ಸುತ್ತು ಮುಗಿಯುವಲ್ಲಿ ಗೆರೆಯ ಎರಡು ತುದಿ ಕೂಡದೆ ಒಂದು ಬೆರಳಷ್ಟು ಆಚೀಚೆಯಾದರೆ ಕಾಲಲ್ಲಿ ಉಜ್ಜಿ ಅಳಿಸಿ ಮತ್ತೆ ಮೊದಲಿನಿಂದ ಹಾಕುವವರು. ಮಳೆ ಬಂದು ತೊಳೆದುಹೋದರೆ ಹಾಫ್ ಟೈಮಿನಲ್ಲಿ ಇನ್ನೊಮ್ಮೆ. ಇದಕ್ಕೆ ಯಾರೂ ದುಡ್ಡು ಕೊಟ್ಟವರಲ್ಲ, ಯಾರೂ ಹೇಳಿ ಮಾಡಿಸಿದ್ದೂ ಅಲ್ಲ.

ಆಟ ಶುರುವಾದ ಮೇಲೆ ಅವರು ನಿಲ್ಲುತ್ತಿದ್ದ ಜಾಗವೇ ಬೇರೆ. ನಾವು ಹುಡುಗರೆಲ್ಲ ಎದುರಾಳಿಯ ಗೋಲಿನ ಹತ್ತಿರ ಹೋಗಿ ಗುಂಪು ಕಟ್ಟುತ್ತಿದ್ದೆವು. ನಮ್ಮವರು ಗೋಲು ಹೊಡೆದರೆ ಹತ್ತಿರದಿಂದ ನೋಡಬೇಕಲ್ಲ! ಮೇಸ್ತ್ರಿ ಮಾತ್ರ ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಮ್ಮ ಗೋಲಿಯ ಹಿಂದೆ ನಿಲ್ಲುತ್ತಿದ್ದರು. ಹಾಫ್ ಟೈಮ್ ಆಗಿ ತಂಡಗಳು ಬದಿ ಬದಲಿಸಿದರೆ ಇಡೀ ಮೈದಾನ ಸುತ್ತಿಕೊಂಡು ನಡೆದು ಮತ್ತೆ ನಮ್ಮ ಗೋಲಿಯ ಹಿಂದೆಯೇ. ಒಂದು ಸಲ ನಾಲ್ಕು ಗೋಲು ತಿಂದು ಸೋಲುತ್ತಿದ್ದೆವು. ಪ್ರತಿ ಗೋಲು ಬಿದ್ದಾಗಲೂ ಬಲೆಯೊಳಗಿಂದ ಬಾಲು ತೆಗೆದು ಗೋಲಿಯ ಕೈಗೆ ಕೊಟ್ಟು, “ಹೋದದ್ದು ಹೋಯ್ತು ಕಣಪ್ಪಾ, ಮುಂದಿನ ಬಾಲು ನೋಡು” ಅನ್ನುತ್ತಿದ್ದರು. ಆವತ್ತು ಸಾಯಂಕಾಲ ಕೇಳಿದೆ, “ಮೇಸ್ತ್ರಿ, ನೀವ್ಯಾಕೆ ಆ ಕಡೆ ಬರಲ್ಲ?” ಅಂತ. “ಅಲ್ಲಿ ಗೋಲು ಹೊಡೆದವನ್ನ ತಬ್ಬಿಕೊಳ್ಳೋಕೆ ಹತ್ತು ಜನ ಇದಾರೆ. ಇಲ್ಲಿ ಬಿಟ್ಟವನಿಗೆ ಯಾರಿದಾರೆ?” ಅಂದರು. ಅಷ್ಟು ಹೇಳಿ ಡಬ್ಬಿ ಚೀಲ ಎತ್ತಿಕೊಂಡು ಮನೆಗೆ ಹೋದರು.

ಪುಟ್ಟೀ, ಬೆಂಬಲ ಅನ್ನುವುದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಲ್ಲಿಂದಲೇ ಬಂದದ್ದು. ಗೆಲುವಿನಲ್ಲಿ ಪಾಲು ತೆಗೆದುಕೊಳ್ಳಲು ಬರುವವರು ಒಂದು ಬಗೆ, ಅವರ ಮೇಲೆ ನನಗೇನೂ ಬೇಸರವಿಲ್ಲ. ಮೈದಾನ ತುಂಬುವುದು ಅವರಿಂದಲೇ. ಆದರೆ ಆಟ ನಡೆಯುವುದು ಗೆರೆ ಎಳೆಯುವವರಿಂದ, ಬಿಟ್ಟವನ ಹಿಂದೆ ನಿಲ್ಲುವವರಿಂದ. ನೀನು ಎರಡನೆಯ ಬಗೆಯವಳು. ನಿನಗೆ ಏನು ಸಿಕ್ಕಿತು ಅಂತ ಕೇಳುತ್ತೀಯಲ್ಲ, ನೀನು ಅಲ್ಲಿಗೆ ಹೋದದ್ದು ತರುವುದಕ್ಕಲ್ಲ, ಕೊಡುವುದಕ್ಕೆ. ನಿನ್ನಂಥವರು ಕೊಟ್ಟದ್ದಕ್ಕೇ ಬೆಂಗಳೂರು ಎಫ್‌ಸಿ ಇಷ್ಟು ವರ್ಷ ಜೀವದಿಂದ ಇದ್ದದ್ದು.

2015ರ ಮೇ 31 ನೆನಪಿದೆಯಾ? ನೀನು ಪಿಯುಸಿ ಮುಗಿಸಿದ್ದೆ, ಕಾಲೇಜು ನೋಡಲು ಬೆಂಗಳೂರಿಗೆ ಬಂದಿದ್ದೆವು. ಭಾನುವಾರ ಯಾವ ಕಾಲೇಜೂ ತೆಗೆದಿರುವುದಿಲ್ಲ ಅಂತ ನಿನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದೆ. ಐ-ಲೀಗಿನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ನಮ್ಮವರು ಗೆದ್ದರೆ ಕಪ್ಪು ನಮ್ಮದು, ಸಮವಾದರೂ ಅವರದ್ದು. ಮಳೆಯಲ್ಲಿ ನೆನೆದು ಕೂತಿದ್ದೆವು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ನಿನ್ನನ್ನು ತಬ್ಬಿಕೊಂಡರು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಬಾಲನ್ನು ಒಳಗೆ ತಳ್ಳಿಬಿಟ್ಟ. 1-1. ಇನ್ನು ಮೂರು ನಿಮಿಷ ಹಿಡಿದಿಟ್ಟಿದ್ದರೆ ಸಾಕಿತ್ತು.

ಆಗ ನಾನು ನೋಡುತ್ತಿದ್ದುದು ಮೈದಾನವನ್ನಲ್ಲ, ನಮ್ಮ ಬೆಂಬಲಿಗರು ನಿಲ್ಲುವ ವೆಸ್ಟ್ ಬ್ಲಾಕಿನ ಕಡೆ. ಡ್ರಮ್ಮು ಬಾರಿಸುತ್ತಿದ್ದ ಹುಡುಗ ಕೈ ನಿಲ್ಲಿಸಿದ. ಪಕ್ಕದವನು ಅವನ ಬೆನ್ನು ತಟ್ಟಿದ. ಆತ ಮುಖ ಒರೆಸಿಕೊಂಡು ಮತ್ತೆ ಬಾರಿಸಲು ಶುರುಮಾಡಿದ. ಮೊದಲು ಅವನೊಬ್ಬನೇ, ಆಮೇಲೆ ನಾಲ್ಕು ಜನ, ಆಮೇಲೆ ಇಡೀ ಸ್ಟ್ಯಾಂಡು. ಆಟ ಮುಗಿದು ಎದುರಿನವರು ಕುಣಿಯುತ್ತಿದ್ದಾಗ ನಮ್ಮ ಸುತ್ತಲಿನವರು ಎದ್ದುಹೋಗದೆ ಚಪ್ಪಾಳೆ ತಟ್ಟುತ್ತಾ ನಿಂತಿದ್ದರು. ಮೋಹನ್ ಬಾಗಾನ್‌ನವರಿಗೂ ಅದು ಹದಿಮೂರು ವರ್ಷ ಕಾದು ಸಿಕ್ಕ ಕಪ್ಪು. ಅವರಲ್ಲೂ ಅಷ್ಟು ವರ್ಷ ಯಾರೋ ಒಬ್ಬ ಅಪ್ಪ ಮಗಳನ್ನು ಕರೆದುಕೊಂಡು ಹೋಗಿ ಸೋಲು ನೋಡಿಕೊಂಡು ಬಂದಿರುತ್ತಾನೆ ಅಂತ ನಾನು ಅಂದೆ. ನಿನಗೆ ಆಗ ಅದು ಹಿಡಿಸಲಿಲ್ಲ. ರಾತ್ರಿ ರೈಲಿನಲ್ಲಿ ಅರಸೀಕೆರೆ ಬರುವ ತನಕ ನೀನು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, “ಬೆಂಗಳೂರಲ್ಲೇ ಓದ್ತೀನಪ್ಪಾ, ಮುಂದಿನ ಸೀಸನ್ ಯಾವಾಗ ಶುರು?” ಅಂತ. ಗೆದ್ದ ಪಂದ್ಯ ನೋಡಿ ನೀನು ಆ ತಂಡದವಳಾದದ್ದಲ್ಲ. ಅದನ್ನು ನಿನಗೆ ನೆನಪು ಮಾಡಬೇಕು ಅನ್ನಿಸಿತು.

ಅದೇ ವರ್ಷ ನಮ್ಮ ಗಿರಣಿಯೂ ನಿಂತದ್ದು. ನಿನ್ನ ಹಾಸ್ಟೆಲ್ಲಿನ ಖರ್ಚು, ಮನೆಯ ಖರ್ಚು ಅಂತ ನಾನು ರಾತ್ರಿ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ. ಶನಿವಾರ ಭಾನುವಾರ ನಿನ್ನ ಫೋನು ಬರುತ್ತಿತ್ತು. ಹಿಂದೆ ಡ್ರಮ್ಮಿನ ಸದ್ದು. “ಅಪ್ಪಾ ಕೇಳಿಸ್ತಿದೆಯಾ?” ಅಂತ ಫೋನು ಎತ್ತಿ ಹಿಡಿಯುತ್ತಿದ್ದೆ. ಏನು ಸಿಕ್ಕಿತು ಅಂತ ನೀನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದು. ನನಗಂತೂ ಸಿಕ್ಕಿದೆ.

ಸೋಲುಗಳನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. 2016ರಲ್ಲಿ ಎಎಫ್‌ಸಿ ಕಪ್ ಫೈನಲಿಗೆ ಹೋದ ಮೊದಲ ಭಾರತೀಯ ತಂಡವಾಗಿ ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತದ್ದು, 2018ರ ಐಎಸ್‌ಎಲ್ ಫೈನಲಿನಲ್ಲಿ ನಮ್ಮದೇ ಕಂಠೀರವದಲ್ಲಿ ನಾಯಕ ಛೇಟ್ರಿ ಮೊದಲ ಗೋಲು ಹೊಡೆದ ಮೇಲೂ ಚೆನ್ನೈಯಿನ್ ಎದುರು 2-3, 2023ರಲ್ಲಿ ಗೋವಾದ ಫೈನಲಿನಲ್ಲಿ ಪೆನಾಲ್ಟಿ ಶೂಟೌಟ್, ಈ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲಿನಲ್ಲಿ ಮತ್ತೆ ಹೆಚ್ಚುವರಿ ಸಮಯದಲ್ಲಿ 1-2. ಮಧ್ಯೆ ಗೆಲುವುಗಳೂ ಇದ್ದವು. ಕಟ್ಟಿದ ಮೊದಲ ವರ್ಷವೇ ಐ-ಲೀಗ್, 2019ರಲ್ಲಿ ಮುಂಬೈಯ ಐಎಸ್‌ಎಲ್ ಫೈನಲಿನಲ್ಲಿ 117ನೇ ನಿಮಿಷಕ್ಕೆ ರಾಹುಲ್ ಭೆಕೆ ಹೆಡ್ ಮಾಡಿದ ಗೋಲು. ಆ ಗೆಲುವುಗಳ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಇಲ್ಲ. ಗೆಲುವಿಗೆ ಕಪ್ಪು ಇರುತ್ತದೆ, ಫೋಟೊ ಇರುತ್ತದೆ, ನೆನಪಿಟ್ಟುಕೊಳ್ಳುವ ಕೆಲಸವನ್ನು ಅವೇ ಮಾಡುತ್ತವೆ. ಸೋಲನ್ನು ನೆನಪಿಟ್ಟುಕೊಳ್ಳಲು ಬೆಂಬಲಿಗರೇ ಬೇಕು.

ಗೆಲುವೂ ಮರೆತುಹೋಗುತ್ತದೆ, ನೆನೆಯುವವರು ಇಲ್ಲದಿದ್ದರೆ. 1937ರಲ್ಲಿ, ಮತ್ತೆ 1938ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ. ಅಲ್ಲಿಯ ತನಕ ಆ ಕಪ್ಪು ಬ್ರಿಟಿಷ್ ಪಲ್ಟನ್ನುಗಳದ್ದೇ ಆಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿ ಬರಿಗಾಲಲ್ಲಿ ಆಡಿದವರೇ ಹೆಚ್ಚು. ನಿನ್ನ ಆಫೀಸಿನಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಐಟಿಐ, ಎಚ್‌ಎಎಲ್ ತಂಡಗಳ ಪಂದ್ಯ ಅಂದರೆ ಶಿಫ್ಟ್ ಮುಗಿಸಿದ ಕಾರ್ಮಿಕರೇ ಪ್ರೇಕ್ಷಕರು. ಒಳಗೆ ಆಡುವವನು ತಮ್ಮ ಪಕ್ಕದ ಮೆಷಿನ್ನಿನವನು, ಸೋತರೆ ಮರುದಿನ ಕ್ಯಾಂಟೀನಿನಲ್ಲಿ ಅವನ ಜೊತೆಯೇ ಊಟ. ಅವನನ್ನು ಬಿಟ್ಟುಬಿಡುವ ಮಾತೇ ಅಲ್ಲಿ ಹುಟ್ಟುತ್ತಿರಲಿಲ್ಲ.

2023ರ ಮಾರ್ಚ್ 3 ನಿನಗೆ ನೆನಪಿದ್ದೇ ಇರುತ್ತದೆ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ ಛೇಟ್ರಿ ಫ್ರೀ ಕಿಕ್ಕನ್ನು ತಟ್ಟನೆ ಹೊಡೆದ, ಕೇರಳದವರು ಮೈದಾನ ಬಿಟ್ಟು ಹೋದರು. ಸರಿಯೋ ತಪ್ಪೋ ಅಂತ ದೇಶವೆಲ್ಲ ಜಗಳವಾಡಿತು. ಅದರ ಮರುದಿನವೇ ಸೌದಿಯ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ಮೈಸೂರು ರಾಜ್ಯ ಅಂತ ಇದ್ದಾಗ 1968-69ರಲ್ಲಿ ಗೆದ್ದ ಮೇಲೆ ಐವತ್ನಾಲ್ಕು ವರ್ಷಕ್ಕೆ ಬಂದ ಕಪ್ಪು! ಜಗಳದ ಗದ್ದಲದಲ್ಲಿ ಅದು ಎಷ್ಟು ಜನರ ಕಿವಿಗೆ ಬಿತ್ತು? ನೀನು ಅವತ್ತು ರಾತ್ರಿ ಫೋನು ಮಾಡಿ ಮೊದಲು ಹೇಳಿದ್ದು ಸಂತೋಷ್ ಟ್ರೋಫಿ ಸುದ್ದಿಯನ್ನೇ. ನನ್ನ ಮಗಳು ಅಂತ ನನಗೆ ಬಹಳ ಹೆಮ್ಮೆಯಾಯಿತು. ಆಗ ಬಾಯಲ್ಲಿ ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ಆ ಕೇರಳದವರ ವಿಷಯ ಬಂತಲ್ಲ, ಅದಕ್ಕೆ ಸೇರಿದ ಒಂದು ಮಾತು. ನಮ್ಮ ಎದುರು ಕ್ವಾರ್ಟರ್ಸಿನಲ್ಲಿ ಇದ್ದವರು ಮಲಯಾಳಿಗಳು, ನಿನಗೆ ಅಕ್ಷರ ತಿದ್ದಿಸಿದವರು ಆ ಮನೆಯ ಚೇಚಿ. ತಂಡದ ಮೇಲಿನ ಪ್ರೀತಿಗೆ ಎದುರಾಳಿಯ ತಾಯಿಯನ್ನು ಬಯ್ಯುವುದು ಯಾವತ್ತೂ ಬೇಕಾಗಿಲ್ಲ. ಸ್ಟ್ಯಾಂಡಿನಲ್ಲಿ ಅಂಥ ಕೂಗು ಎದ್ದಾಗ ಸುಮ್ಮನೆ ಕೂರುತ್ತೇನೆ ಅಂತ ನೀನು ಹೇಳಿದ್ದೆ. ಸುಮ್ಮನಿರುವುದು ಸಾಲದು, ಪುಟ್ಟೀ. ಪಕ್ಕದವನಿಗೆ ‘ಬೇಡ ಕಣೋ’ ಅನ್ನು. ಅಷ್ಟು ವರ್ಷದ ಜಾಗ, ಹಕ್ಕು ಎರಡೂ ನಿನಗಿದೆ.

ಜೂನ್ 4ರ ಬಗ್ಗೆ ಬರೆಯದೆ ಈ ಕಾಗದ ಮುಂದಕ್ಕೆ ಹೋಗುವುದಿಲ್ಲ. ಆವತ್ತು ಸಂಜೆ ಟಿವಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಹೊರಗೆ, ಆರ್‌ಸಿಬಿ ಕಪ್ಪು ಗೆದ್ದ ಸಂಭ್ರಮಕ್ಕೆ ಬಂದವರ ನಡುವೆ ಆದ ಕಾಲ್ತುಳಿತದ ಸುದ್ದಿ ಬಂದಾಗ, ನೀನು ಕ್ರಿಕೆಟ್ಟಿಗೆ ಹೋಗುವವಳಲ್ಲ ಅಂತ ಗೊತ್ತಿದ್ದೂ ನಿನ್ನ ದನಿ ಕೇಳುವ ತನಕ ನನ್ನ ಕೈ ನಡುಗುತ್ತಿತ್ತು. ಹನ್ನೊಂದು ಜನ ಹೋಗಿಬಿಟ್ಟರು. ‘ಗೆದ್ದೆತ್ತಿನ ಬಾಲ ಹಿಡಿಯಲು ಹೋದವರು’ ಅಂತ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಂದಾಗ ನಾನು ಎದ್ದು ನಿಂತು ಜಗಳವಾಡಿದೆ. ಆ ಮಕ್ಕಳು ಹದಿನೆಂಟು ವರ್ಷ ಸೋಲಿನಲ್ಲಿ ಜೊತೆಗಿದ್ದ ಜನರಿಗೆ ಸೇರಿದವರು. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅಂತ ಹೇಳಿ, ಪ್ರತಿ ವರ್ಷ ನಗೆಪಾಟಲಿಗೆ ಗುರಿಯಾಗಿ, ಮತ್ತೆ ಅದನ್ನೇ ಹೇಳಿದವರು. ಅವರು ಹೋದದ್ದು ಗೆದ್ದವರ ಮುಖವನ್ನು ಒಂದು ಸಲ ಕಣ್ಣಾರೆ ನೋಡಲು. ಅಂಥ ನಿಷ್ಠೆಯನ್ನು ಕಾಪಾಡಿಕೊಳ್ಳಬೇಕಾದ ಹೊಣೆ ನಿಷ್ಠೆ ಪಡೆಯುವವರ ಮೇಲೂ ಇರುತ್ತದೆ. ಒಂದು ಗೇಟು ಎಷ್ಟು ಅಗಲ ಇರಬೇಕು, ಎಷ್ಟು ಹೊತ್ತಿಗೆ ತೆರೆಯಬೇಕು ಅನ್ನುವುದೂ ಅಭಿಮಾನಿಗೆ ಕೊಡಬೇಕಾದ ಮರ್ಯಾದೆಯ ಮಾತೇ. ನಿಮ್ಮ ಗುಂಪಿನವರು ಸಭೆ ಸೇರಿದರೆ ಹಾಡು, ಬ್ಯಾನರ್ ಬಗ್ಗೆ ಮಾತಾಡುವ ಮೊದಲು ಇದನ್ನು ಮಾತಾಡಿ.

“ಅದು ಜಿಂದಾಲ್‌ನವರ ಕ್ಲಬ್ಬು, ಅವರು ಬೇಕಾದ್ರೆ ನಡೆಸ್ತಾರೆ, ಬೇಡ ಅಂದ್ರೆ ಮುಚ್ತಾರೆ, ನಮ್ಮದೇನಿದೆ?” ಅಂತಲೂ ಮೊನ್ನೆ ಫೋನಿನಲ್ಲಿ ನೀನು ಅಂದೆ. ನಿಜ, ಕ್ಲಬ್ಬಿನ ಕಾಗದಪತ್ರ ಜೆಎಸ್‌ಡಬ್ಲ್ಯು ಹೆಸರಿನಲ್ಲಿದೆ. ಕೈಯಿಂದ ದುಡ್ಡು ಹಾಕುವವರ ಕಷ್ಟ ಅವರಿಗೂ ಇರುತ್ತದೆ, ಲೀಗೇ ಇಲ್ಲ ಅಂದಾಗ ಅವರಾದರೂ ಏನು ಮಾಡಿಯಾರು. ಆದರೆ ನೋಡು, ಆಟಗಾರರು ಬೇರೆ ಕ್ಲಬ್ಬಿಗೆ ಹೋಗುತ್ತಾರೆ, ಕೋಚು ಬದಲಾಗುತ್ತಾನೆ, ಐ-ಲೀಗ್ ಹೋಗಿ ಐಎಸ್‌ಎಲ್ ಆಯಿತು, ಮೈದಾನ ಅಶೋಕನಗರ ಬಿಟ್ಟು ಕಂಠೀರವಕ್ಕೆ ಬಂತು. 2013ರಿಂದ ಇವತ್ತಿನ ತನಕ ಬದಲಾಗದೆ ಉಳಿದದ್ದು ವೆಸ್ಟ್ ಬ್ಲಾಕಿನಲ್ಲಿ ನಿಲ್ಲುವ ಜನ, ಛೇಟ್ರಿ. ಛೇಟ್ರಿಯೂ ಒಂದಲ್ಲ ಒಂದು ದಿನ ಆಟ ಬಿಡುತ್ತಾನೆ. ನಿಮ್ಮ ಸಂಬಳ ನಿಲ್ಲಿಸುವುದಕ್ಕೆ ನಿಮಗೆ ಸಂಬಳವೇ ಇಲ್ಲ. ಅದಕ್ಕೇ ಕೊನೆಗೆ ಉಳಿಯುವವರು ನೀವೇ ಅಂತ ನಾನು ಹೇಳುವುದು.

ಜರ್ಮನಿಯ ಬರ್ಲಿನ್‌ನಲ್ಲಿ ಯೂನಿಯನ್ ಅನ್ನುವ ಕ್ಲಬ್ಬಿದೆ. ನಮ್ಮ ನ್ಯೂಟೌನಿನ ಹಾಗೆ ಕಾರ್ಖಾನೆಗಳ ಬಡಾವಣೆಯಲ್ಲಿ, ಲೋಹದ ಕೆಲಸದವರ ನಡುವೆ ಬೆಳೆದದ್ದು. 2004ರಲ್ಲಿ ಕ್ಲಬ್ಬಿಗೆ ಪರವಾನಗಿ ಉಳಿಸಿಕೊಳ್ಳಲು ದುಡ್ಡಿಲ್ಲದಾಗ ಅಭಿಮಾನಿಗಳು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಅದಕ್ಕೆ ಅಲ್ಲಿ ಸಿಗುವ ಹಣವನ್ನು ಕ್ಲಬ್ಬಿಗೆ ಕೊಟ್ಟರು. 2008ರಲ್ಲಿ ಹಳೆಯ ಕ್ರೀಡಾಂಗಣ ಬೀಳುವ ಸ್ಥಿತಿಗೆ ಬಂದಾಗ ಎರಡು ಸಾವಿರಕ್ಕೂ ಹೆಚ್ಚು ಜನ ಸಂಬಳವಿಲ್ಲದೆ ಸೇರಿಕೊಂಡು, ಒಟ್ಟು 1,40,000 ಗಂಟೆಗಳಷ್ಟು ದುಡಿದು, ಸಿಮೆಂಟು ಕಲಸಿ, ಮೆಟ್ಟಿಲು ಕಟ್ಟಿ ಅದನ್ನು ಎದ್ದು ನಿಲ್ಲಿಸಿದರು. ಆ ತಂಡ ಆಮೇಲೆ 2019ರಲ್ಲಿ ದೊಡ್ಡ ಲೀಗಿಗೂ ಬಂತು. ಬರದೇ ಇದ್ದಿದ್ದರೂ ಆ ಮೆಟ್ಟಿಲು ಅಲ್ಲೇ ಇರುತ್ತಿತ್ತು, ಅವರ ಮಕ್ಕಳು ಅಲ್ಲೇ ನಿಂತು ಆಟ ನೋಡುತ್ತಿದ್ದರು. ಇದನ್ನು ಓದಿದಾಗ ನನಗೆ ಕಂಡದ್ದು ಮೇಸ್ತ್ರಿಯ ಡಾಲ್ಡಾ ಡಬ್ಬಿ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ. ಛೇಟ್ರಿ ವಿಡಿಯೊ ಮಾಡಿ ಕೈಮುಗಿದು ಕೇಳಿಕೊಂಡ. ಬಯ್ಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಅಂತ. ಕೀನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟ್ಟೇ ಉಳಿಯಲಿಲ್ಲ. ಗೆಲ್ಲುತ್ತಿದ್ದ ನಾಯಕನೇ ಗೆಲುವು ಒಂದೇ ಸಾಲದು ಅಂತ ಊರಿಗೆಲ್ಲ ಹೇಳಿದ ಹಾಗಾಯಿತು. ಐದು ಗೋಲು ಹೊಡೆದು ಖಾಲಿ ಕುರ್ಚಿಗಳ ಕಡೆ ಓಡಿಹೋಗಿ ಕೈ ಎತ್ತುವುದು ಎಷ್ಟು ಕಷ್ಟ ಇರಬೇಕು ಅಂತ ಯೋಚನೆ ಮಾಡು.

ಮೇಸ್ತ್ರಿ ತೀರಿಕೊಂಡು ಕೆಲವು ವರ್ಷಗಳಾದವು. ಗಿರಣಿ ನಿಂತ ಮೇಲೆ ತಂಡದ ಹುಡುಗರು ಬೆಂಗಳೂರು, ಹೊಸೂರು, ತಿರುಪ್ಪೂರು ಅಂತ ಚದುರಿದರು. ಕಾಲೊನಿ ಅರ್ಧ ಖಾಲಿಯಾಯಿತು, ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆಯಿತು. ಕೊನೆಯ ದಿನಗಳಲ್ಲಿ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಉಜ್ಜನಿಪುರದ ಕಡೆಯ ನಾಲ್ಕು ಹುಡುಗರನ್ನು ಕರೆದು, ಹುರಿ ಹೇಗೆ ಬಿಗಿಯಬೇಕು, ಮೂಲೆ ಹೇಗೆ ನೆಟ್ಟಗೆ ಬರಬೇಕು ಅಂತ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು. ಆಗ ತಂಡವೇ ಇರಲಿಲ್ಲ ಅನ್ನುವುದನ್ನು ಗಮನಿಸು. ತಂಡ ಬಂದಾಗ ಗೆರೆ ಎಳೆಯಲು ಗೊತ್ತಿರುವವರು ಇರಲಿ ಅಂತ. ಈಗ ಆ ಹುಡುಗರೇ ಹುಲ್ಲು ಸವರಿ ಭಾನುವಾರ ಆಡುತ್ತಾರೆ. ಏಳೇಳು ಜನ, ಒಮ್ಮೊಮ್ಮೆ ಎಂಟು. ನಾನು ಹೋಗಿ ನಿಲ್ಲುತ್ತೇನೆ. ಎಲ್ಲಿ ಅಂತ ನಿನಗೆ ಹೇಳಬೇಕಾಗಿಲ್ಲ.

ಈಗ ಮೊದಲು ಬಿಟ್ಟ ಸಾಲಿಗೆ ಬರುತ್ತೇನೆ. ಚಿಕ್ಕವರ ತಂಡಗಳು ನಡೆಯುತ್ತವೆ ಅಂತ ಇತ್ತಲ್ಲ. ಬೆಂಗಳೂರು ಎಫ್‌ಸಿಯ ಹುಡುಗರು ಸೂಪರ್ ಡಿವಿಷನ್ ಲೀಗಿನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲೇ ಆಡುವುದು, ನಿಮ್ಮ ಕ್ಲಬ್ಬು ಹುಟ್ಟಿದ ಜಾಗ. ಅವರ ಹೆಸರು ಹಿಡಿದು ಕೂಗುವವರು ಅಲ್ಲಿ ಕೆಲವೇ ಜನ. ಹದಿನೆಂಟು ಹತ್ತೊಂಬತ್ತು ವರ್ಷದ ಮಕ್ಕಳು. ಮೇಲಿನ ತಂಡದ ಅಣ್ಣಂದಿರಿಗೆ ಸಂಬಳವಿಲ್ಲ ಅಂತ ಅವರೂ ಓದಿರುತ್ತಾರೆ. ತಾವು ಹಿಡಿದ ದಾರಿ ಸರಿಯೋ ಅಲ್ಲವೋ ಅಂತ ಅವರ ಮನೆಯಲ್ಲೂ ಅಪ್ಪ ಅಮ್ಮ ಮಾತಾಡಿಕೊಂಡಿರುತ್ತಾರೆ. ಈ ವರ್ಷ ನಿಮ್ಮ ಡ್ರಮ್ಮು ಬೇಕಾಗಿರುವುದು ಆ ಹುಡುಗರಿಗೆ. ಐಎಸ್‌ಎಲ್ ಶುರುವಾದರೆ ಸಂತೋಷ, ಅಲ್ಲಿಗೂ ಹೋಗು.

ಹಬ್ಬ ಮುಗಿಸಿ ನೀನು ಹೊರಡುವಾಗ ನಾನೂ ಜೊತೆಗೆ ಬರುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಹೇಗೂ ಹೋಗಬೇಕು. ಆ ಹುಡುಗರ ಮುಂದಿನ ಪಂದ್ಯ ಯಾವತ್ತು, ಎಷ್ಟು ಗಂಟೆಗೆ ಅಂತ ವಿಚಾರಿಸಿ ಇಟ್ಟಿರು. ನಿನ್ನ ವೆಸ್ಟ್ ಬ್ಲಾಕಿನ ಗೆಳತಿಯರಲ್ಲಿ ಇಬ್ಬರಾದರೂ ಬರುತ್ತಾರಾ ಕೇಳು, ಇಲ್ಲ ಅಂದರೆ ನಾವಿಬ್ಬರೇ ಹೋಗೋಣ. ಡಾಕ್ಟರ ಅಪಾಯಿಂಟ್‌ಮೆಂಟನ್ನು ಆ ದಿನ ಬಿಟ್ಟು ಬೇರೆ ದಿನಕ್ಕೆ ಹಾಕಿಸು.

ಇಂತಿ,
ನಿನ್ನ ಅಪ್ಪ